ಕಿಲ್ಟ್‌ಗೆ ಯಾವ ಜಾಕೆಟ್: ನಾನು ಆರಿಸುವ ಬಗೆ

ಕಿಲ್ಟ್ ಎಂದರೆ ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತುವ, ಹಿಂದೆ ನೆರಿಗೆಯಿರುವ ಉಡುಪು. ಅದರ ಜೊತೆ ಹಾಕುವ ಜಾಕೆಟ್ಟಿನಲ್ಲಿ ನಾನು ಮೊದಲು ನೋಡುವುದು ಉದ್ದವನ್ನು. ಬಣ್ಣ, ಗುಂಡಿ, ಹೆಸರು ಎಲ್ಲ ಆಮೇಲೆ. ಈಗಿನ ಪ್ಯಾಂಟು ಸೊಂಟದ ಮೂಳೆಯ ಮೇಲೆ ಕೂರುತ್ತದೆ. ಕಿಲ್ಟನ್ನು ಹಿಂದಿನವರು ಪಂಚೆ ಬಿಗಿಯುತ್ತಿದ್ದ ಹಾಗೆ ಹೊಕ್ಕುಳಿನ ಮಟ್ಟದಲ್ಲಿ, ಇನ್ನೂ ಒಂದೆರಡು ಇಂಚು ಮೇಲಕ್ಕೇ ಬಿಗಿಯಬೇಕು. ಕೆಳ ಅಂಚು ಮಂಡಿಚಿಪ್ಪಿನ ನಡುವಿಗೆ ಬರಬೇಕು. ಸಾಧಾರಣ ಎತ್ತರದವರಿಗೆ ಈ ಲೆಕ್ಕದಲ್ಲಿ ಕಿಲ್ಟಿನ ಉದ್ದ ಸುಮಾರು 24 ಇಂಚು. ಇದರ ಮೇಲೆ 30 ಇಂಚಿನ ಮಾಮೂಲಿ ಸೂಟ್ ಕೋಟು ಹಾಕಿದರೆ ಕಿಲ್ಟಿನ ಅರ್ಧಕ್ಕಿಂತ ಹೆಚ್ಚು ಭಾಗ ಮುಚ್ಚಿಹೋಗುತ್ತದೆ. ಹಿಂದುಗಡೆ ನೆರಿಗೆ ಕೋಟನ್ನು ಎತ್ತಿ ಉಬ್ಬಿಸುತ್ತದೆ. ಮುಂದುಗಡೆ ಕೋಟಿನ ಎರಡೂ ಅಂಚು ಸ್ಪೊರನ್ ಮೇಲೆ, ಅಂದರೆ ಹೊಟ್ಟೆಯ ಕೆಳಗೆ ನೇತುಬಿಡುವ ಚೀಲದ ಮೇಲೆ, ಬಂದು ಮುದುರಿಕೊಳ್ಳುತ್ತವೆ. ಆದ್ದರಿಂದ ಕಿಲ್ಟ್ ಜಾಕೆಟ್ಟು ಸುಮಾರು 3 ಇಂಚು ಗಿಡ್ಡ, ಮುಂಭಾಗ ಎರಡೂ ಕಡೆ ಕಮಾನಿನಂತೆ ಕತ್ತರಿಸಿದ್ದು. ನೆರಿಗೆಗಳನ್ನು ಸೇರಿಸಿ ಹೊಲಿದ ಭಾಗ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಜಾಕೆಟ್ಟಿನ ಹಿಂದಿನ ಅಂಚು ಬಂದು ನಿಂತರೆ ಉದ್ದ ಸರಿಯಾಗಿದೆ ಎಂದೇ ನನ್ನ ಲೆಕ್ಕ.

ಸ್ಕಾಟ್ಲೆಂಡಿನ ಬಾಡಿಗೆ ಅಂಗಡಿಗೆ ಹೋದವರ ಮುಂದೆ ಸಾಮಾನ್ಯವಾಗಿ ಮೊದಲು ಬರುವುದು ‘ಪ್ರಿನ್ಸ್ ಚಾರ್ಲಿ’. ಕಪ್ಪು ಬರೇಥಿಯಾ ಉಣ್ಣೆ ಬಟ್ಟೆ, ರೇಷ್ಮೆ ಹೊಳಪಿನ ಕಾಲರ್ ಮಡಿಕೆ, ಮುಂದೆ ಎರಡು ಸಾಲು ಬೆಳ್ಳಿಬಣ್ಣದ ಗುಂಡಿ, ಹಿಂದೆ ಪುಟ್ಟ ಬಾಲ, ಒಳಗೆ ಮೂರು ಗುಂಡಿಯ ಗಿಡ್ಡ ವೇಸ್ಟ್‌ಕೋಟ್. ಮುಂದಿನ ಗುಂಡಿಗಳು ಅಲಂಕಾರಕ್ಕೆ ಮಾತ್ರ. ಈ ಜಾಕೆಟ್ಟನ್ನು ಮುಚ್ಚುವಂತಿಲ್ಲ. ಹೆಸರು ಚಾರ್ಲ್ಸ್ ಎಡ್ವರ್ಡ್ ಸ್ಟುಅರ್ಟ್‌ನದು, ಆದರೆ ಬ್ರಿಟನ್ನಿನ ಸಿಂಹಾಸನಕ್ಕಾಗಿ ಹೋರಾಡಿ 1746ರಲ್ಲಿ ಕಲೋಡನ್ ಕದನದಲ್ಲಿ ಸೋತ ಆ ರಾಜಕುಮಾರ ಇಂಥದ್ದನ್ನು ತೊಟ್ಟವನಲ್ಲ. ಈ ಕತ್ತರಿಕೆ ತೀರ ಈಚಿನದು. ಇದು ಸಂಜೆಯ ಉಡುಪು: ಬೋ ಟೈ, ತುಪ್ಪಳದ ಸ್ಪೊರನ್, ಬೆಳ್ಳಿ ಸರಪಳಿ. ಮಧ್ಯಾಹ್ನದ ಮದುವೆಗೂ ಇದನ್ನೇ ತೊಡುವುದು ಈಗ ರೂಢಿಯಾಗಿದೆ. ನನಗೆ ಅದು ಒಪ್ಪಿಗೆಯಿಲ್ಲ. ಹಗಲು ಬೆಳಕಿನಲ್ಲಿ ಆ ರೇಷ್ಮೆ ಹೊಳಪು ಕಣ್ಣಿಗೆ ಚುಚ್ಚುತ್ತದೆ, ಕಿಲ್ಟಿನ ಟಾರ್ಟನ್, ಅಂದರೆ ಬಣ್ಣಬಣ್ಣದ ಚೌಕಳಿ, ಮಂಕಾಗುತ್ತದೆ.

ಪ್ರಿನ್ಸ್ ಚಾರ್ಲಿಯಲ್ಲಿ ಕೆಡುವುದು ಹೆಚ್ಚಾಗಿ ಒಂದೇ ಕಡೆ: ವೇಸ್ಟ್‌ಕೋಟಿನ ಕೆಳಗೆ ಬಿಳಿ ಶರ್ಟು ಇಣುಕುವುದು. ಜಾಕೆಟ್ಟಿನ ಮುಂಭಾಗ ಸೊಂಟದಲ್ಲೇ ಮುಗಿಯುವುದರಿಂದ ಮರೆಮಾಚಲು ಬೇರೆ ಬಟ್ಟೆ ಇರುವುದಿಲ್ಲ. ವೇಸ್ಟ್‌ಕೋಟ್ ಚಿಕ್ಕದಾಯಿತೆಂದು ದೊಡ್ಡದು ಕೇಳುವ ಮೊದಲು ಕಿಲ್ಟನ್ನೇ ಮೇಲಕ್ಕೆ ಎಳೆದು ಪಟ್ಟಿ ಬಿಗಿಯಿರಿ. ಬಹುಪಾಲು ಅಲ್ಲಿಗೇ ಸರಿಹೋಗುತ್ತದೆ. ವೇಸ್ಟ್‌ಕೋಟ್ ಇದ್ದಾಗ ಸೊಂಟಕ್ಕೆ ಅಗಲವಾದ ಬೆಲ್ಟ್ ಬೇಡ. ಅದರ ಬಕಲ್ ವೇಸ್ಟ್‌ಕೋಟನ್ನು ಮುಂದಕ್ಕೆ ತಳ್ಳಿ, ಮುಚ್ಚಿದ ಶರ್ಟನ್ನು ಮತ್ತೆ ಹೊರಗೆ ತೋರಿಸುತ್ತದೆ.

ಒಂದೇ ಜಾಕೆಟ್ಟು ಕೊಳ್ಳುವ ಶಕ್ತಿಯಿದ್ದರೆ ‘ಆರ್ಗೈಲ್’ ಕೊಳ್ಳಿ ಎಂದು ಯಾರಿಗಾದರೂ ಹೇಳುತ್ತೇನೆ. ಒಂದೇ ಗುಂಡಿ ಹಾಕುವ, ಕಿಸೆಗಳಿಗೆ ಮುಚ್ಚಳವಿರುವ, ನೋಡಲು ಸೂಟ್ ಕೋಟಿನ ಹತ್ತಿರದ ಉಡುಪು ಇದು. ಕಪ್ಪು ಅಥವಾ ಕಡುಬೂದು ಬಣ್ಣದ್ದಾದರೆ ಹಗಲಿಗೆ ಐದು ಗುಂಡಿಯ ವೇಸ್ಟ್‌ಕೋಟ್, ಉದ್ದ ಟೈ, ಚರ್ಮದ ಸ್ಪೊರನ್. ಸಂಜೆಗೆ ಬೋ ಟೈ, ತುಪ್ಪಳದ ಸ್ಪೊರನ್. ಜಾಕೆಟ್ ಅದೇ.

ಇಲ್ಲಿ ತೋಳಿನ ತುದಿಯನ್ನು ಗಮನವಿಟ್ಟು ನೋಡಬೇಕು. ಆರ್ಗೈಲ್ ಕಫ್ ಎಂದರೆ ಮಣಿಕಟ್ಟಿನ ಸುತ್ತ ಮೇಲಕ್ಕೆ ಚೂಪಾಗಿ ಏರುವ ಅಗಲ ಪಟ್ಟಿ. ಬ್ರೇಮಾರ್ ಕಫ್‌ನಲ್ಲಿ ಉದ್ದುದ್ದಕ್ಕೆ ಒಂದು ಮುಚ್ಚಳದ ಪಟ್ಟಿ, ಅದರ ಮೇಲೆ ಮೂರು ಗುಂಡಿ. ಕ್ರೇಲ್ ಬಹುತೇಕ ಸಾದಾ ಕಫ್. ಅಂದಚಂದಕ್ಕಿಂತ ದೊಡ್ಡ ಪ್ರಶ್ನೆ ತೋಳಿನ ಉದ್ದದ್ದು. ಸಾದಾ ತೋಳನ್ನು ಯಾವ ದರ್ಜಿಯಾದರೂ ಕೆಳಗಿನಿಂದ ಅರ್ಧ ಇಂಚು ಮಡಿಚಿ ಹೊಲಿದುಕೊಡುತ್ತಾರೆ. ಪಟ್ಟಿಯ ಕಫ್ ಇದ್ದರೆ ಅದನ್ನು ಪೂರ್ತಿ ಬಿಚ್ಚಿ ಮೇಲಕ್ಕೆ ಕೂರಿಸಬೇಕು, ಇಲ್ಲವೇ ಭುಜದ ಹತ್ತಿರ ತೋಳನ್ನೇ ಕಳಚಿ ಕುಗ್ಗಿಸಬೇಕು. ಎರಡೂ ದುಬಾರಿ ಕೆಲಸ. ಕೈ ಗಿಡ್ಡವಿದ್ದು ಸಿದ್ಧ ಉಡುಪು ಕೊಳ್ಳುವವರಿಗೆ ಕ್ರೇಲ್ ಸಲೀಸು. ಕೈ ಇಳಿಬಿಟ್ಟಾಗ ಶರ್ಟಿನ ಕಫ್ ಅರ್ಧ ಇಂಚು ಹೊರಗೆ ಕಾಣಬೇಕು.

ಹಗಲಿಗೆ ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಟ್ವೀಡ್ ಎಂಬ ಒರಟು ಉಣ್ಣೆ ಬಟ್ಟೆಯ ಜಾಕೆಟ್, ಕೊಂಬಿನ ಗುಂಡಿ ಇರುವಂಥದ್ದು. ಹ್ಯಾರಿಸ್ ಟ್ವೀಡ್ ಎಂಬ ಹೆಸರಿಗೆ 1993ರ ಕಾಯ್ದೆಯ ರಕ್ಷಣೆಯಿದೆ: ಹೊರ ಹೆಬ್ರಿಡೀಸ್ ದ್ವೀಪಗಳ ಜನ ತಮ್ಮ ಮನೆಯಲ್ಲೇ ಕೈಮಗ್ಗದಲ್ಲಿ ನೇಯ್ದಿರಬೇಕು. ಅಸಲಿಗೆ ಗೋಳದ ಗುರುತಿನ ಮುದ್ರೆ ಇರುತ್ತದೆ. ಬಟ್ಟೆ ದಪ್ಪ, ಬೇಸಿಗೆಯ ಮಧ್ಯಾಹ್ನ, ಅದೂ ಒಳಾಂಗಣ ಊಟದಲ್ಲಿ, ಸೆಕೆ ತಡೆಯಲಾಗದು. ಆಗ ತೆಳು ಟ್ವೀಡ್ ಮೇಲು. ಬಣ್ಣ ಆರಿಸುವಾಗ ಟಾರ್ಟನ್‌ನಲ್ಲಿ ಎದ್ದು ಕಾಣುವ ಬಣ್ಣವನ್ನು ಬಿಟ್ಟು, ತೆಳುಗೆರೆಯಾಗಿ ಅಡಗಿರುವ ಬಣ್ಣವನ್ನು ಹುಡುಕುತ್ತೇನೆ. ರಾಯಲ್ ಸ್ಟುಅರ್ಟ್‌ನಂಥ ಕೆಂಪು ಟಾರ್ಟನ್‌ಗೆ ಕಡುಬೂದು ಸಾಕು. ಬ್ಲ್ಯಾಕ್ ವಾಚ್ ಟಾರ್ಟನ್‌ನ ಕಡುಹಸಿರು, ಕಡುನೀಲಿಗೆ ಪಾಚಿ ಹಸಿರೋ ನಸುಗಂದೋ ಚೆನ್ನಾಗಿ ಒಪ್ಪುತ್ತದೆ. ಟಾರ್ಟನ್ ಮೇಲೆ ದೊಡ್ಡ ಚೌಕಳಿಯ ಟ್ವೀಡ್ ಬೇಡವೇ ಬೇಡ.

ನಿಲುಗಾಲರಿನ ಷೆರಿಫ್‌ಮ್ಯೂರ್, ಎರಡು ಸಾಲು ಗುಂಡಿಯ ಮಾಂಟ್ರೋಸ್ ಮುಂತಾದ ಡಬ್ಲೆಟ್‌ಗಳು, ಅಂದರೆ ಮೈಗೆ ಅಂಟಿಕೂರುವ ಗಿಡ್ಡ ಜಾಕೆಟ್ಟುಗಳು, ಟೈ ಬದಲು ಕುತ್ತಿಗೆಗೆ ಲೇಸ್ ಇಳಿಬಿಡುವ ಭರ್ಜರಿ ಸಂಜೆಗಳಿಗೆ. ಬೆಲ್ಟ್ ಬರುವುದು ಮಾಂಟ್ರೋಸ್‌ನ ಮೇಲೆ. ಮೊದಲ ಜಾಕೆಟ್ಟಿಗೆ ಇವು ಲೆಕ್ಕಕ್ಕಿಲ್ಲ.

ಹೊಸದು ದುಬಾರಿಯಾದರೆ ಹಳೆಯ ಟ್ವೀಡ್ ಕೋಟನ್ನು ಕತ್ತರಿಸಿ ಕಿಲ್ಟ್ ಜಾಕೆಟ್ ಮಾಡಿಕೊಳ್ಳಬಹುದು. ಆದರೆ ಎಲ್ಲ ಕೋಟೂ ಆಗುವುದಿಲ್ಲ. ಮೇಲಿನ ಗುಂಡಿ ಹೊಕ್ಕುಳಿನ ಹತ್ತಿರ ಇರಬೇಕು, ಕಿಸೆ ಎತ್ತರದಲ್ಲಿರಬೇಕು, ಭುಜ ಸರಿಯಾಗಿ ಕೂರಬೇಕು. ಭುಜ ಸಡಿಲವಿದ್ದ ಕೋಟನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ನನ್ನ ಕ್ರಮ ಹೀಗೆ: ಕಿಲ್ಟ್, ಸ್ಪೊರನ್ ಎರಡನ್ನೂ ಧರಿಸಿ, ಕೋಟು ಹಾಕಿ, ಮೇಲಿನ ಗುಂಡಿ ಹಾಕಿಕೊಳ್ಳುತ್ತೇನೆ. ಹಿಂದೆ ನೆರಿಗೆಯ ಹೊಲಿಗೆ ಮುಗಿಯುವಲ್ಲಿ ಇನ್ನೊಬ್ಬರಿಂದ ಚಾಕ್ ಗುರುತು ಹಾಕಿಸುತ್ತೇನೆ. ಮುಂದೆ ಗುಂಡಿಯ ಕೆಳಗೆ ಒಂದು ಇಂಚು ಬಿಟ್ಟು ಶುರುವಾಗುವ ಕಮಾನು, ಸ್ಪೊರನ್ ಪೂರ್ತಿ ಕಾಣುವಂತೆ ಪಕ್ಕಕ್ಕೆ ಬಾಗಬೇಕು. ಆ ಗುರುತಿನ ಕೆಳಗೆ ಒಂದೂವರೆ ಇಂಚು ಮಡಿಕೆಗೆ ಬಿಟ್ಟು ಕತ್ತರಿ. ಕಮಾನಿನ ಉದ್ದಕ್ಕೆ ಮಾತ್ರ ಮಡಿಕೆಯನ್ನು ಅರ್ಧ ಇಂಚಿಗೆ ಇಳಿಸಿ, ಅಲ್ಲಲ್ಲಿ ಕಚ್ಚು ಕೊಡಬೇಕು. ಇಲ್ಲದಿದ್ದರೆ ಬಾಗಿದ ಅಂಚು ಸುಕ್ಕಾಗಿ ಹೊರಗೆ ಮಗುಚುತ್ತದೆ. ಒಳಗಿನ ಗಡಸು ಕ್ಯಾನ್ವಾಸನ್ನು ಗುರುತಿನ ಗೆರೆಗೇ ಕತ್ತರಿಸಿ, ಲೈನಿಂಗನ್ನು ಕಾಲು ಇಂಚು ಸಡಿಲ ಬಿಟ್ಟು ಕೈಹೊಲಿಗೆ ಹಾಕಿ.

ಕತ್ತರಿ ಹಾಕುವ ಮೊದಲೇ ಅಳೆಯಬೇಕಾದದ್ದು ಕಿಸೆ. ಮುಚ್ಚಳದ ತುದಿಗೂ ಹೊಸ ಅಂಚಿಗೂ ಒಂದೂವರೆ ಇಂಚು ಅಂತರವಾದರೂ ಇರದಿದ್ದರೆ ಕಿಸೆ ಜಾರಿ ಬಿದ್ದಂತೆ ಕಾಣುತ್ತದೆ. ಒಳಗಿಸೆಯ ಚೀಲವನ್ನು ಗಿಡ್ಡ ಮಾಡಬಹುದು, ಬಾಯಿಯನ್ನು ಮೇಲೆತ್ತಲಾಗದು. ಮೇಲೆ ಹೊಲಿದ ಕಿಸೆಯನ್ನು ಬಿಚ್ಚಿ ಎತ್ತರಿಸಬಹುದು, ಆದರೆ ಹಳೆಯ ಬಟ್ಟೆಯಾದರೆ ಅದರಡಿಯ ಜಾಗದ ಬಣ್ಣ ಮಾಸದೆ ಬೇರೆಯಾಗಿಯೇ ಎದ್ದು ತೋರುತ್ತದೆ. ಹಿಂದಿನ ಸೀಳು ಕತ್ತರಿಸಿದ ಮೇಲೆ ಎರಡು ಮೂರು ಇಂಚಿಗೆ ಇಳಿದಿದ್ದರೆ ಮುಚ್ಚಿ ಹೊಲಿಯಿರಿ. ಅಷ್ಟು ಗಿಡ್ಡ ಸೀಳು ನೆರಿಗೆಯ ಮೇಲೆ ಸದಾ ಬಾಯಿಬಿಡುತ್ತದೆ.

ಕೊಂಡದ್ದಿರಲಿ, ಕತ್ತರಿಸಿದ್ದಿರಲಿ, ಕಡೆಯ ಪರೀಕ್ಷೆ ಕುರ್ಚಿಯಲ್ಲಿ. ಹಿಂದಿನ ನೆರಿಗೆ ಸವರಿ ಕುಳಿತು ನೋಡಿ. ಗುಂಡಿ ಬಿಗಿಯದೆ, ಕಾಲರ್ ಕತ್ತಿನಿಂದ ಮೇಲಕ್ಕೇಳದೆ ಇರಬೇಕು. ಆಮೇಲೆ ಎದ್ದು ಎರಡೂ ಕೈ ಭುಜದ ಮಟ್ಟಕ್ಕೆ ಎತ್ತಿ. ಕೇಯ್ಲಿ ಎಂಬ ಸ್ಕಾಟ್ಲೆಂಡಿನ ಗುಂಪು ನೃತ್ಯದಲ್ಲಿ ಜೊತೆಗಾರರ ಕೈ ಹಿಡಿಯುವುದು ಆ ಎತ್ತರದಲ್ಲೇ, ಅಲ್ಲಿ ಕಂಕುಳು ಬಿಗಿದರೆ ರಾತ್ರಿಯಿಡೀ ಕುಣಿಯಲಾಗುವುದಿಲ್ಲ.