ಎಂಟು ಸೆಂಟ್ಸ್ ಮಳೆ

ಮಾರ್ಚ್ ತಿಂಗಳಲ್ಲಿ ಕೊಡಗಿನ ಯಾರಿಗೇ ಫೋನ್ ಮಾಡಿ, ಮೊದಲ ಪ್ರಶ್ನೆ ಒಂದೇ: ‘ನಿಮ್ಮಲ್ಲಿ ಎಷ್ಟು ಸೆಂಟ್ಸ್ ಬಂತು?’ ಕೇಳುತ್ತಿರುವುದು ಮಳೆ ಬಗ್ಗೆ. ನೂರು ಸೆಂಟ್ಸ್ ಸೇರಿದರೆ ಒಂದು ಇಂಚು. ಹವಾಮಾನ ಇಲಾಖೆ ಮಿಲಿಮೀಟರ್‌ಗೆ ಹೋಗಿ ಎಷ್ಟೋ ಕಾಲವಾಯಿತು. ನಮ್ಮ ತೋಟಗಳು ಇನ್ನೂ ಇಂಚಿನಲ್ಲೇ ಇವೆ.

ಸುಂಟಿಕೊಪ್ಪದಿಂದ ಮಾದಾಪುರದ ಕಡೆ ಹೋಗುವ ದಾರಿಯಲ್ಲಿ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಅಂದರೆ ಕಥೆ ಬರೆಯುವವನಲ್ಲ. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯುವುದು, ಕೂಲಿ ಲೆಕ್ಕ, ಗೊಬ್ಬರದ ಸ್ಟಾಕು, ಬೆಳಿಗ್ಗೆ ಎದ್ದು ರೈನ್‌ಗೇಜ್ ನೋಡುವುದು. ಓದಿದ್ದು ಪಿಯುಸಿ. ಕಂಪ್ಯೂಟರ್ ಮುಟ್ಟಿದ್ದು ಐವತ್ತು ದಾಟಿದ ಮೇಲೆ.

ಮುಟ್ಟಿಸಿದ್ದು ಸಾಹುಕಾರರ ಮಗ. ಬೆಂಗಳೂರಿನಲ್ಲಿ ಕೆಲಸ. ಒಂದು ಹಳೇ ಲ್ಯಾಪ್‌ಟಾಪ್ ತಂದು ಆಫೀಸಿನ ಮೇಜಿನ ಮೇಲಿಟ್ಟು, ‘ಮಳೆ ಪುಸ್ತಕಗಳನ್ನೆಲ್ಲ ಗೂಗಲ್ ಶೀಟ್‌ಗೆ ಹಾಕಿಬಿಡಿ, ಸುಮ್ನೆ ಟೈಪ್ ಮಾಡೋದಷ್ಟೇ’ ಎಂದರು. ಆ ‘ಅಷ್ಟೇ’ಗೆ ಎರಡು ಮಳೆಗಾಲ ಹಿಡಿಯಿತು.

ಪುಸ್ತಕದಲ್ಲಿ ನಾವು ಇಂಚು, ಸೆಂಟ್ಸ್ ನಡುವೆ ಒಂದು ಗೆರೆ ಎಳೆಯುತ್ತೇವೆ. ಒಂದು ಇಂಚು ಎಂಟು ಸೆಂಟ್ಸ್ ಆದರೆ 1-8. ಬರೀ ಎಂಟು ಸೆಂಟ್ಸ್ ಆದರೆ 0-8. ಹಾಗೇ ಟೈಪ್ ಮಾಡಿದೆ. 1-8 ಅಂತ ಹೊಡೆದು ಎಂಟರ್ ಒತ್ತಿದರೆ ಶೀಟ್ ಅದನ್ನು ಆಗಸ್ಟ್ ಒಂದನೇ ತಾರೀಖು ಮಾಡಿತು. 0-8 ಮಾತ್ರ ಹಾಗೇ ಉಳಿಯಿತು, ಆದರೆ ಕೂಡುವಾಗ ಲೆಕ್ಕಕ್ಕೇ ಸಿಗಲಿಲ್ಲ. ಶೀಟಿಗೆ ಅದು ಸಂಖ್ಯೆಯಲ್ಲ, ಅಕ್ಷರ. ತಾರೀಖನ್ನು ಈ ಯಂತ್ರ ಒಳಗೆ 1900ರ ಆಸುಪಾಸಿನಿಂದ ಎಣಿಸಿದ ದಿನಗಳ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆಯಂತೆ. ಅದು ಗೊತ್ತಿಲ್ಲದೆ ಮೊತ್ತ ನೋಡಿದರೆ ಮಾರ್ಚ್ ತಿಂಗಳ ಮಳೆ ನಲವತ್ತೈದು ಸಾವಿರ ಚಿಲ್ಲರೆ ಇಂಚು! ಭಾಗಮಂಡಲದಲ್ಲೂ ಅಷ್ಟು ಬೀಳುವುದಿಲ್ಲ.

ಈ ತಪ್ಪಾದರೂ ಕಣ್ಣಿಗೆ ರಾಚುತ್ತದೆ. ನಾನು ಅದನ್ನು ಸರಿ ಮಾಡಿದ ರೀತಿ ಇನ್ನೂ ಕೆಟ್ಟದ್ದು. ಗೆರೆ ತೆಗೆದು ಚುಕ್ಕಿ ಹಾಕಿದೆ. 0-35 ಇದ್ದದ್ದು 0.35 ಆಯಿತು, ಸರಿಯಾಗೇ ಇದೆ. 1-20 ಇದ್ದದ್ದು 1.20, ಅದೂ ಸರಿ. ಖುಷಿಯಲ್ಲಿ ಹತ್ತು ವರ್ಷದ ಪುಸ್ತಕ ಮುಗಿಸಿದೆ.

ಒಂದು ಭಾನುವಾರ ಸಾಹುಕಾರರ ಮಗ ಫೋನ್ ಮಾಡಿದರು. ‘ಶೀಟ್ ಚೆನ್ನಾಗಿದೆ. ಆದರೆ ಫೆಬ್ರವರಿ, ಮಾರ್ಚ್‌ನಲ್ಲಿ ಇಷ್ಟೊಂದು ಮಳೆ ಬರ್ತಿದ್ರೆ ಸ್ಪ್ರಿಂಕ್ಲರ್‌ಗೆ ಅಷ್ಟು ಡೀಸೆಲ್ ಯಾಕೆ ಸುಡ್ತೀವಿ?’ ಮಾತಿನಲ್ಲಿ ಸಿಟ್ಟಿರಲಿಲ್ಲ. ನನಗೆ ಮಾತ್ರ ಬೆವರು ಬಂತು. ರೊಬಸ್ಟಾ ಕಾಫಿಯ ಹೂವಿಗೆ ಹತ್ತಿರ ಹತ್ತಿರ ಒಂದು ಇಂಚು ನೀರು ಬೇಕು. ಕಮ್ಮಿಯಾದರೆ ಮೊಗ್ಗು ಅರ್ಧಂಬರ್ಧ ಬಿರಿದು ಹಾಳಾಗುತ್ತದೆ. ಮಳೆ ಕೈಕೊಟ್ಟ ವರ್ಷ ರಾತ್ರಿಯಿಡೀ ಪಂಪಿನ ಹತ್ತಿರ ಕೂತವನು ನಾನು. ಆ ಮಳೆ ಬಂದಿರಲಿಲ್ಲ ಅಂತ ನನ್ನ ಮೈಗೆ ಗೊತ್ತು.

ಪುಸ್ತಕ ತೆಗೆದೆ. 0-8. ಶೀಟ್ ನೋಡಿದೆ. 0.8.

ಎಂಟು ಸೆಂಟ್ಸ್ ಅಂದರೆ ಧೂಳು ಅಡಗುವಷ್ಟು. ಶೀಟಿನಲ್ಲಿ ಅದು ಮುಕ್ಕಾಲು ಇಂಚಿಗಿಂತ ಜಾಸ್ತಿ. ಹತ್ತು ಸೆಂಟ್ಸ್‌ಗಿಂತ ಕಮ್ಮಿ ಬಿದ್ದ ಪ್ರತಿ ದಿನವೂ ಹತ್ತು ಪಟ್ಟು ಉಬ್ಬಿತ್ತು. ಜುಲೈನಲ್ಲಿ ಅದು ಎದ್ದು ಕಾಣುವುದಿಲ್ಲ, ಕಕ್ಕಡ ತಿಂಗಳ ಮಳೆಯಲ್ಲಿ ಅರ್ಧ ಇಂಚು ಯಾವ ಲೆಕ್ಕ? ಹೂಮಳೆ ಕಾಲದಲ್ಲಿ ಅದೇ ಎಲ್ಲ ಲೆಕ್ಕ.

ದಾರಿ ತೋರಿಸಿದವಳು ಪಕ್ಕದ ಮನೆಯ ಹುಡುಗಿ, ಒಂಬತ್ತನೇ ಕ್ಲಾಸ್. ‘ಅಂಕಲ್, ಒಂದೇ ಮನೆಯಲ್ಲಿ ಎರಡು ವಿಷಯ ಯಾಕೆ ತುರುಕ್ತೀರಾ?’ ಎಂದಳು. ಈಗ ಇಂಚಿಗೆ ಒಂದು ಕಾಲಂ, ಸೆಂಟ್ಸ್‌ಗೆ ಇನ್ನೊಂದು. ಸೆಂಟ್ಸನ್ನು ನೂರರಿಂದ ಭಾಗಿಸಿ ಇಂಚಿಗೆ ಕೂಡಿಸುವ ಕೆಲಸ ಮೂರನೆಯದಕ್ಕೆ. ನಾಲ್ಕನೆಯದು ಅದನ್ನು 25.4ರಿಂದ ಗುಣಿಸಿ ಮಿಲಿಮೀಟರ್ ಮಾಡುತ್ತದೆ. ಇನ್ನೊಂದು ಸಣ್ಣ ಗುಟ್ಟೂ ಹೇಳಿಕೊಟ್ಟಳು: ಶೀಟ್ ಸಂಖ್ಯೆ ಅಂತ ಒಪ್ಪಿಕೊಂಡದ್ದು ಬಲಕ್ಕೆ ಹೋಗಿ ನಿಲ್ಲುತ್ತದೆ, ಅಕ್ಷರ ಎಂದುಕೊಂಡದ್ದು ಎಡಕ್ಕೆ. ಎಡಕ್ಕೆ ನಿಂತಿರುವುದು ಮೊತ್ತಕ್ಕೆ ಸೇರುವುದಿಲ್ಲ. ಅಂದಿನಿಂದ ನಾನು ಕಾಲಂ ಅನ್ನು ಮೇಲಿಂದ ಕೆಳಗೆ ಕಣ್ಣಾಡಿಸುತ್ತೇನೆ, ಸಾಲು ತಪ್ಪಿ ನಿಂತ ಆಳನ್ನು ಮಸ್ಟರ್‌ನಲ್ಲಿ ಗುರುತಿಸಿದ ಹಾಗೆ.

ನನಗೆ ನಾಚಿಕೆಯಾಗಿತ್ತು. ಆಮೇಲೆ ಕಡಿಮೆಯಾಯಿತು. ಜೀನ್‌ಗಳ ಹೆಸರನ್ನು ಎಕ್ಸೆಲ್ ತಾರೀಖು ಮಾಡುತ್ತಿದ್ದ ಕಾಟಕ್ಕೆ ವಿಜ್ಞಾನಿಗಳು 2020ರಲ್ಲಿ ಕೆಲವು ಜೀನ್‌ಗಳ ಹೆಸರನ್ನೇ ಬದಲಿಸಿದರಂತೆ. ‘ಸೆಪ್ಟ್’ ಅಂತಿದ್ದದ್ದು ‘ಸೆಪ್ಟಿನ್’ ಆಯಿತು. ಅವರಿಗೇ ಹಾಗಾದರೆ ಪಿಯುಸಿಯವನ ಪಾಡೇನು?

ಆ ಹುಡುಗಿಗೆ ಇದೆಲ್ಲ ಶಾಲೆಯಲ್ಲಿ ಕಲಿಸಿದ್ದು ಅಂದುಕೊಂಡಿದ್ದೆ. ಇಲ್ಲ, ಅಣ್ಣನ ಫೋನ್‌ನಲ್ಲಿ ಕಲಿತದ್ದು. ಅವಳ ಕಂಪ್ಯೂಟರ್ ನೋಟ್ ಬುಕ್ ನೋಡಿದೆ. ಕಂಪ್ಯೂಟರಿನ ಐದು ತಲೆಮಾರುಗಳು, ವ್ಯಾಕ್ಯೂಮ್ ಟ್ಯೂಬ್‌ನಿಂದ ಹಿಡಿದು. ಸಿಪಿಯು, ರ‍್ಯಾಮ್, ರಾಮ್ ಇವುಗಳ ಪೂರ್ತಿ ಹೆಸರು. ಮೌಸ್‌ನ ಚಿತ್ರ, ಸ್ಕೆಚ್ ಪೆನ್ನಿನಲ್ಲಿ, ಬಾಲ ಸಮೇತ. ಅಂದವಾಗಿತ್ತು. ಮೇಷ್ಟ್ರನ್ನು ದೂರುವ ಹಾಗೂ ಇಲ್ಲ, ನಮ್ಮ ಕಡೆ ಜೂನ್ ಶುರುವಾದರೆ ಕರೆಂಟ್ ಯಾವಾಗ ಇರುತ್ತದೆ ಅನ್ನೋದು ದೇವರಿಗೇ ಗೊತ್ತು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೇ ಕ್ಲಾಸಿನಿಂದ ಶುರುವಾಗುವ ಮಿಡ್ಲ್ ಹಂತದಿಂದಲೇ ಕೋಡಿಂಗ್ ಅನ್ನುತ್ತದೆ. ಆಗಲಿ. ಅದಕ್ಕಿಂತ ಮೊದಲು ಪ್ರತಿ ಶಾಲೆಯ ಅಂಗಳದಲ್ಲಿ ಒಂದು ರೈನ್‌ಗೇಜ್ ನೆಟ್ಟು, ಒಂದು ಶೀಟ್ ತೆರೆದು ಮಕ್ಕಳ ಕೈಗೆ ಕೊಡಿ ಅನ್ನುತ್ತೇನೆ ನಾನು. ಕರೆಂಟ್ ಇಲ್ಲದ ದಿನ ಪುಸ್ತಕದಲ್ಲಿ ಬರೆಯಲಿ, ಬಂದ ದಿನ ಹತ್ತಿಸಲಿ. ಎರಡೇ ವಾರದಲ್ಲಿ ಜಗಳ ಶುರುವಾಗುತ್ತದೆ ನೋಡಿ. ಸೋಮವಾರ ಅಳೆದದ್ದು ಒಂದು ದಿನದ ಮಳೆಯಾ, ಎರಡು ದಿನದ್ದಾ? ಮಳೆ ಇಲ್ಲದ ದಿನ ಸೊನ್ನೆ ಹಾಕಬೇಕಾ, ಖಾಲಿ ಬಿಡಬೇಕಾ?

ಈ ಕೊನೇ ಪ್ರಶ್ನೆ ಸಣ್ಣದಲ್ಲ. ನನ್ನ ಪುಸ್ತಕದಲ್ಲಿ ಮಳೆ ಬಾರದ ದಿನವೂ ಖಾಲಿ, ನಾನು ರಜೆ ಹಾಕಿದ ದಿನವೂ ಖಾಲಿ. ಸರಾಸರಿ ತೆಗೆಯುವಾಗ ಶೀಟ್ ಖಾಲಿ ಮನೆಯನ್ನು ಬಿಟ್ಟುಬಿಡುತ್ತದೆ, ಸೊನ್ನೆಯನ್ನು ಎಣಿಸುತ್ತದೆ. ಎರಡೂ ಬೇರೆ ಬೇರೆ ಉತ್ತರ. 2018ರ ಆಗಸ್ಟ್ ಪುಟದಲ್ಲಿ ಮೂರು ದಿನ ಖಾಲಿ. ಗುಡ್ಡ ಕುಸಿದ ವಾರ ಅದು. ಗೇಜ್ ತುಂಬಿ ಹರಿದಿತ್ತು, ನೋಡುವುದಕ್ಕೆ ಯಾರೂ ಹೋಗಿರಲಿಲ್ಲ. ಅಭ್ಯಾಸಬಲದಿಂದ ಮೂರಕ್ಕೂ ಸೊನ್ನೆ ಹೊಡೆದಿದ್ದೆ. ನನ್ನ ಶೀಟಿನ ಪ್ರಕಾರ ಆ ಮೂರು ದಿನ ಕೊಡಗಿನಲ್ಲಿ ಬಿಸಿಲು.

ಅಳಿಸಿ ಮತ್ತೆ ಖಾಲಿ ಬಿಟ್ಟೆ. ಪಕ್ಕದಲ್ಲಿ ಷರಾ ಅಂತ ಒಂದು ಕಾಲಂ ಮಾಡಿ, ‘ಅಳೆಯಲಿಲ್ಲ, ಗೇಜ್ ತುಂಬಿತ್ತು’ ಎಂದು ಬರೆದೆ.

ಶಾಲೆಯ ರೈನ್‌ಗೇಜ್ ವಿಚಾರ ಆ ಹುಡುಗಿಗೆ ಹೇಳಿದರೆ ಸ್ವಲ್ಪ ಯೋಚಿಸಿ ಕೇಳಿದಳು: ‘ಜೋರು ಮಳೆ ಬಂದ ದಿನವೇ ಡಿಸಿ ರಜೆ ಕೊಡ್ತಾರಲ್ವಾ ಅಂಕಲ್? ಆಗ ಅಳೆಯೋದು ಯಾರು?’