ಸ್ಟ್ರೈಕ್ ಜೋನ್ ಕೊನೆಯ ಇನ್ನಿಂಗ್ಸ್‌ವರೆಗೂ ಕದಲದಿರಲು

ಬೇಸ್‌ಬಾಲ್‌ನಲ್ಲಿ ಬ್ಯಾಟರ್ ಬೀಸದೆ ಬಿಟ್ಟ ಪಿಚ್ (ಪಿಚರ್‌ನ ಎಸೆತ) ಪ್ಲೇಟಿನ, ಅಂದರೆ ಬ್ಯಾಟರ್ ಪಕ್ಕದ ನೆಲಫಲಕದ, ಮೇಲಿನ ಕಾಲ್ಪನಿಕ ಚೌಕಟ್ಟಾದ ಸ್ಟ್ರೈಕ್ ಜೋನ್ ಮುಟ್ಟಿದರೆ ಸ್ಟ್ರೈಕ್, ಇಲ್ಲದಿದ್ದರೆ ಬಾಲ್. ಅದನ್ನು ಹೇಳುವವರು ಪ್ಲೇಟಿನ ಹಿಂದೆ ನಿಲ್ಲುವ ಅಂಪೈರ್‌ಗಳಾದ ನಾವು. ಎರಡನೇ ಇನ್ನಿಂಗ್ಸ್‌ನಲ್ಲಿ ಸ್ಟ್ರೈಕ್ ಕೊಟ್ಟ ಜಾಗಕ್ಕೇ ಏಳನೆಯದರಲ್ಲಿ ಬಾಲ್ ಕೊಡುತ್ತಿದ್ದೇವೆ ಎಂದರೆ ಅನುಮಾನಿಸಬೇಕಾದ್ದು ಕಣ್ಣನ್ನಲ್ಲ, ಕಾಲನ್ನು. ತೊಡೆ ಸೋತಂತೆ ತಲೆ ಎರಡು ಮೂರು ಇಂಚು ಕೆಳಗಿಳಿಯುತ್ತದೆ. ಆಗ ಜೋನಿನ ಮೇಲಂಚಿನ ಪಿಚ್ ಕಣ್ಣಿಗಿಂತ ಎತ್ತರದಲ್ಲಿ ಕಂಡು ಬಾಲ್ ಅನ್ನಿಸುತ್ತದೆ.

ಅದಕ್ಕೇ ನಾನು ನಿಲುವಿನಿಂದಲೇ ಶುರು ಮಾಡಿದ್ದು. ಬಲಗೈ ಬ್ಯಾಟರ್ ಇದ್ದಾಗ ಕ್ಯಾಚರ್‌ಗೂ (ಬ್ಯಾಟರ್ ಹಿಂದೆ ಕೂತು ಪಿಚ್ ಹಿಡಿಯುವವನು) ಬ್ಯಾಟರ್‌ಗೂ ನಡುವಿನ ಸ್ಲಾಟ್‌ನಲ್ಲಿ ಎಡಗಾಲು ಮುಂದೆ. ಬಲಗಾಲಿನ ಬೆರಳ ತುದಿ ಎಡ ಹಿಮ್ಮಡಿಯ ಸಾಲಿಗೆ. ಕಾಲುಗಳ ಅಂತರ ಭುಜಕ್ಕಿಂತ ಅಗಲ. ಮೂಗು ಪ್ಲೇಟಿನ ಒಳ (ಬ್ಯಾಟರ್ ಕಡೆಯ) ಅಂಚಿನ ನೇರಕ್ಕೆ, ಗಲ್ಲ ಕ್ಯಾಚರ್‌ನ ಹೆಲ್ಮೆಟ್ಟಿನ ಮೇಲ್ಭಾಗದ ಮಟ್ಟಕ್ಕೆ. ಪ್ರತಿ ಪಿಚ್‌ಗೂ ಅದೇ ಗಲ್ಲ, ಅದೇ ಮಟ್ಟ. ಪಿಚರ್ ಚೆಂಡು ಬಿಡುವ ಮುಂಚೆಯೇ ಕೂತು ಸ್ತಬ್ಧವಾಗಿರಬೇಕು. ಬಿಡುವ ಹೊತ್ತಿಗೆ ಇನ್ನೂ ಕೂರುತ್ತಿದ್ದರೆ ಕಣ್ಣಿಗೆ ಸಿಗುವುದು ಕುಲುಕಿದ ಚಿತ್ರ.

ಕ್ಯಾಚರ್ ಒಳಗೆ ಸರಿದು ಸ್ಲಾಟ್ ಮುಚ್ಚಿದರೆ? ಮೇಲೇಳಿ, ಅವನ ತಲೆಯ ಮೇಲಿಂದ ನೋಡಿ. ಕೆಳಗಿನ ಅಂಚು ತುಸು ಮಸುಕಾಗುತ್ತದೆ, ಆಗಲಿ. ಹೊರಗಿನ ಬದಿಗೆ ವಾಲಿದರೆ ಒಳ ಅಂಚೇ ಕೈತಪ್ಪುತ್ತದೆ, ಅದು ಇನ್ನೂ ದುಬಾರಿ.

ಎರಡನೆಯದು ತೀರ್ಪು ಕೂಗುವ ಹೊತ್ತು. ತಲೆ ಆಡಿಸದೆ ಕಣ್ಣಿನಿಂದ ಮಾತ್ರ ಚೆಂಡನ್ನು ಕ್ಯಾಚರ್‌ನ ಕೈಗವಸಾದ ಮಿಟ್‌ವರೆಗೆ ಹಿಂಬಾಲಿಸಿ, ಬಂದ ದಾರಿಯನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಓಡಿಸಿ, ಆಮೇಲೆ ಬಾಯಿ ತೆರೆಯುತ್ತೇನೆ. ಬೇಗ ಕೂಗುವವನು ಅರ್ಧ ದಾರಿ ನೋಡಿ ಉಳಿದದ್ದನ್ನು ಊಹಿಸಿರುತ್ತಾನೆ. ಬಾಗಿ ಕೆಳಗಿಳಿಯುವ ಕರ್ವ್‌ಬಾಲ್ ಕೆಡಿಸುವುದು ಇಲ್ಲೇ. ಪ್ಲೇಟಿನ ಮುಂಭಾಗದ ಅಗಲ 17 ಇಂಚು, ಹಿಂದಿನ ಮೊನೆಯವರೆಗಿನ ಉದ್ದವೂ 17. ಮುಂದಿನ ಅಂಚಿನಲ್ಲಿ ಮೊಣಚಿಪ್ಪಿನ ಕೆಳಗಿನ ಗುಳಿಯನ್ನು ಸವರಿದ ಚೆಂಡು ಮಿಟ್ ಸೇರುವಾಗ ನೆಲದ ಹತ್ತಿರ ಇರಬಹುದು. ಮಿಟ್ ನೋಡಿ ತೀರ್ಪು ಕೊಟ್ಟರೆ ಅದು ಬಾಲ್. ನಿಯಮದ ಪ್ರಕಾರ ಸ್ಟ್ರೈಕ್. ಕ್ಯಾಚರ್ ಮಿಟ್ ಜರುಗಿಸಿ ಬಾಲನ್ನು ಸ್ಟ್ರೈಕ್‌ನಂತೆ ತೋರಿಸುವ ಫ್ರೇಮಿಂಗ್‌ಗೆ ಮರುಳಾಗುವುದೂ ಮಿಟ್ ನೋಡುವುದರಿಂದಲೇ. ಚೆಂಡಿನ ಯಾವುದೇ ಭಾಗ ಜೋನ್ ಮುಟ್ಟಿದರೆ ಸಾಕು. ಅದರ ವ್ಯಾಸ ಸುಮಾರು 2.9 ಇಂಚು, ಹಾಗಾಗಿ ಚೆಂಡಿನ ನಡು ಅಂಚಿನಿಂದ ಒಂದೂವರೆ ಇಂಚಿನ ಆಸುಪಾಸು ಹೊರಗಿದ್ದರೂ ಅದು ಸ್ಟ್ರೈಕೇ.

ಇನ್ನು ಕೌಂಟ್, ಅಂದರೆ ಆ ಬ್ಯಾಟರ್‌ಗೆ ಈವರೆಗೆ ಆದ ಬಾಲ್ ಮತ್ತು ಸ್ಟ್ರೈಕ್‌ಗಳ ಲೆಕ್ಕ, ಬಾಲ್ ಮೊದಲು. 3-0 ಆದಾಗ ಜೋನ್ ಹಿಗ್ಗುತ್ತದೆ, 0-2 ಆದಾಗ ಕುಗ್ಗುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ, ಬ್ಯಾಟರ್‌ಗೆ ಬಿಟ್ಟು. ಪಂದ್ಯದ ವಿಡಿಯೊ ನೋಡುವಾಗ ನಾನು ಮೊದಲು ಈ ಎರಡು ಕೌಂಟ್‌ಗಳ ಪಿಚ್‌ಗಳನ್ನೇ ಹೆಕ್ಕುತ್ತೇನೆ. ಕ್ಯಾಮೆರಾ ಪ್ಲೇಟಿನ ಹಿಂದೆ, ಪಿಚರ್ ನಿಂತು ಎಸೆಯುವ ರಬ್ಬರ್ ಪಟ್ಟಿಗೆ ನೇರವಾಗಿ ಇರಲಿ. ಒಂದಡಿ ಪಕ್ಕಕ್ಕಿದ್ದರೂ ಒಂದು ಅಂಚು ಅಗಲವಾಗಿ ಕಂಡು, ಸರಿಯಿದ್ದ ತೀರ್ಪನ್ನೇ ತಿದ್ದಿಕೊಳ್ಳುವಂತಾಗುತ್ತದೆ.