‘ಕಾಲ ಕೆಟ್ಟೋಯ್ತು’ ಅನ್ನೋದನ್ನ ಇಂಗ್ಲಿಷಲ್ಲಿ ಹೇಳೋಕೆ ಹೋಗಿ

ನಾನು ನರ್ಸ್. ಹತ್ತನೇ ಕ್ಲಾಸಿನವರೆಗೆ ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ಕನ್ನಡ ಮೀಡಿಯಂ, ಆಮೇಲೆ ಬೆಂಗಳೂರಲ್ಲಿ ನರ್ಸಿಂಗ್. ವಾರ್ಡಿನಲ್ಲಿ ನನ್ನ ಇಂಗ್ಲಿಷ್‌ಗೆ ಯಾರೂ ಹೆಸರಿಟ್ಟಿರಲಿಲ್ಲ. ಬಿಪಿ ಎಷ್ಟು, ಡ್ರಿಪ್ ಯಾವಾಗ ಮುಗಿಯುತ್ತೆ, ಡಾಕ್ಟರ್ ರೌಂಡ್ಸ್‌ಗೆ ಬಂದಾಗ ಏನು ಹೇಳಬೇಕು, ಎಲ್ಲ ಸರಾಗ. ಎಡವಿದ್ದು ಇಂಗ್ಲೆಂಡಿಗೆ ಹೋಗೋಣ ಅಂತ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಬರೆದಾಗ. ಅಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳೋಕೆ ಓದು, ಕೇಳು, ಮಾತು ಮೂರರಲ್ಲೂ 9ಕ್ಕೆ 7 ಬೇಕು. ಬರವಣಿಗೆಗೆ ಮಾತ್ರ 6.5 ಸಾಕು. ನನಗೆ ಮಾತಿನಲ್ಲಿ 6 ಬಂತು. ದಿನವಿಡೀ ವಟವಟ ಅನ್ನೋಳಿಗೆ ಮಾತಿನಲ್ಲೇ ಕಡಿಮೆ!

ಎಲ್ಲಿ ಕೈಕೊಟ್ಟಿತು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಮಾತಿನ ಪರೀಕ್ಷೆ 11ರಿಂದ 14 ನಿಮಿಷ, ಮೂರು ಭಾಗ. ಮೊದಲನೆಯದು ಊರು, ಕೆಲಸ, ಹವ್ಯಾಸ. ಎರಡನೆಯದರಲ್ಲಿ ಒಂದು ಚೀಟಿ ಕೊಡ್ತಾರೆ, ಒಂದು ನಿಮಿಷ ಯೋಚಿಸಿ ಎರಡು ನಿಮಿಷದ ತನಕ ಮಾತಾಡಬೇಕು. ಇವೆರಡೂ ಹೇಗೋ ದಾಟಿದವು. ಮೂರನೆಯದು ನಾಲ್ಕೈದು ನಿಮಿಷದ ಚರ್ಚೆ. ಅಲ್ಲಿ ಪರೀಕ್ಷಕರು, ನಿಮ್ಮ ಅಜ್ಜ ಅಜ್ಜಿಯ ಕಾಲಕ್ಕೂ ಈಗಿನ ಯುವಕರಿಗೂ ಬಟ್ಟೆಬರೆಯಲ್ಲಿ, ನಡೆನುಡಿಯಲ್ಲಿ ಏನು ಬದಲಾವಣೆ ಅಂತ ಕೇಳಿದರು. ನಾನು ಹೇಳಿದ್ದು ಹೆಚ್ಚುಕಡಿಮೆ ಹೀಗಿತ್ತು: ‘ನೌಅಡೇಸ್ ಯಂಗ್‌ಸ್ಟರ್ಸ್ ಆರ್ ವೆರಿ ಫ್ಯಾಷನ್. ಓಲ್ಡ್ ಪೀಪಲ್ ವರ್ ವೇರಿಂಗ್ ಸ್ಯಾರಿ. ನೌಅಡೇಸ್ ನೋ ರೆಸ್ಪೆಕ್ಟ್. ಟೈಮ್ ಈಸ್ ಸ್ಪಾಯಿಲ್ಡ್.’ ಯಾಕೆ ಹಾಗಾಯ್ತು ಅಂತ ಕೇಳಿದ್ದಕ್ಕೆ ‘ಬಿಕಾಸ್ ಆಫ್ ಮೊಬೈಲ್’ ಅಂದೆ. ಅಷ್ಟೇ. ಗಡಿಯಾರದ ಮುಳ್ಳು ಓಡ್ತಾನೇ ಇರಲಿಲ್ಲ.

ಕೋಚಿಂಗ್ ಕ್ಲಾಸಿನವರು ಕೊಟ್ಟಿದ್ದ ಇನ್ನೂರು ಪದಗಳ ಪಟ್ಟಿ ಬಾಯಿಪಾಠ ಆಗಿತ್ತು. ‘ಜನರೇಷನ್ ಗ್ಯಾಪ್’ ಅದರಲ್ಲಿ ಮೊದಲನೇ ಸಾಲಿನಲ್ಲೇ ಇತ್ತು. ಆದರೆ ಆ ಪದ ಹೇಳಿದ ಮೇಲೆ ಮುಂದೇನು ಹೇಳೋದು? ‘ದೇರ್ ಈಸ್ ಎ ಜನರೇಷನ್ ಗ್ಯಾಪ್’ ಅಂತ ಹೇಳಿ ಸುಮ್ನೆ ಕೂತರೆ, ಜ್ವರ ಬಂದವನಿಗೆ ‘ನಿಮಗೆ ಜ್ವರ’ ಅಂತ ಹೇಳಿ ಕಳಿಸಿದ ಹಾಗೆ.

ಆ ವಾರ ಊರಿಗೆ ಹೋಗಿದ್ದೆ. ಅಜ್ಜಿ ಜಗಲಿ ಮೇಲೆ ಕೂತು ಅವರೆಕಾಯಿ ಸುಲೀತಿದ್ದರು. ಅದೇ ಪ್ರಶ್ನೆಯನ್ನ ಕನ್ನಡದಲ್ಲಿ ಅಜ್ಜಿಗೆ ಕೇಳಿ ಫೋನಲ್ಲಿ ರೆಕಾರ್ಡ್ ಮಾಡಿಕೊಂಡೆ. ನಿಮ್ಮ ಕಾಲದಲ್ಲಿ ಹೇಗಿತ್ತಜ್ಜಿ?

‘ಏನ್ ಹೇಳ್ಲಿ ಮಗ, ನಾಲ್ಕ್ ಗಂಟೆಗೇ ಎದ್ದು ರಾಗಿ ಬೀಸ್ತಿದ್ವಿ. ಬೀಸ್ತಾ ಪದ ಹೇಳ್ತಿದ್ವಿ. ನಿಮ್ಮ ತಾತನ ಹೆಸ್ರು ಒಂದಿನಾನೂ ಬಾಯಲ್ಲಿ ಬರ್ಲಿಲ್ಲ. ಹೇಳ್ಲೇಬೇಕು ಅಂದ್ರೆ ಒಗಟು ಕಟ್ಟಿ ಹೇಳ್ತಿದ್ವಿ. ಈಗ ನಿಮ್ಮಣ್ಣನ ಹೆಂಡ್ತಿ ಬೀದಿಗೆ ಕೇಳೋ ಹಂಗೆ ಹೆಸರಿಡಿದು ಕರೀತಾಳೆ. ಕಾಲ ಕೆಟ್ಟೋಯ್ತು ಕಣೇ.’ ಹೇಳಿ ನಕ್ಕರು. ಸಿಟ್ಟಿರಲಿಲ್ಲ.

ಹನ್ನೆರಡು ನಿಮಿಷ ಮಾತಾಡಿದರು. ಮೂರನೇ ಭಾಗಕ್ಕೆ ಬೇಕಾದ ಸರಕೆಲ್ಲ ಅಲ್ಲೇ ಇತ್ತು. ಅವತ್ತಿಂದ ಪಟ್ಟಿ ಪಕ್ಕಕ್ಕಿಟ್ಟೆ. ಡ್ಯೂಟಿ ಮುಗಿಸಿ ರೂಮಿಗೆ ಬಂದು ಅಜ್ಜಿಯ ಒಂದೊಂದು ತುಣುಕು ಕೇಳೋದು, ಅದನ್ನೇ ಇಂಗ್ಲಿಷಲ್ಲಿ ಹೇಳಿ ರೆಕಾರ್ಡ್ ಮಾಡೋದು, ಎಲ್ಲಿ ನಿಂತೆನೋ ಆ ಜಾಗಕ್ಕೆ ಮಾತ್ರ ಪದ ಹುಡುಕೋದು.

ಮೊದಲ ದಿನವೇ ನಿಂತಿದ್ದು ‘ಬೀಸ್ತಿದ್ವಿ’ಯಲ್ಲಿ. ನಾನು ‘ವಿ ವರ್ ಗ್ರೈಂಡಿಂಗ್’ ಅಂತಿದ್ದೆ. ನಮ್ಮ ಕಡೆಯವರು ತುಂಬಾ ಜನ ಹೀಗೇ ಹೇಳ್ತಾರೆ, ಅದಕ್ಕೆ ಕಾರಣ ಕನ್ನಡವೇ. ‘ನೀನು ಬಂದಾಗ ರಾಗಿ ಬೀಸ್ತಿದ್ದೆ’ ಅನ್ನೋಕೂ ‘ಆಗೆಲ್ಲ ದಿನಾ ರಾಗಿ ಬೀಸ್ತಿದ್ದೆ’ ಅನ್ನೋಕೂ ನಮಗೆ ಒಂದೇ ರೂಪ ಸಾಕು. ಇಂಗ್ಲಿಷಿಗೆ ಸಾಲದು. ಆ ಒಂದು ಹೊತ್ತಿನಲ್ಲಿ ನಡೀತಿದ್ದ ಕೆಲಸಕ್ಕೆ ‘ವಾಸ್ ಗ್ರೈಂಡಿಂಗ್’. ಆಗ ರೂಢಿಯಿದ್ದು ಈಗ ಇಲ್ಲ ಅನ್ನೋದಕ್ಕೆ ‘ಯೂಸ್ಡ್ ಟು ಗ್ರೈಂಡ್’. ಹಳೆ ತಲೆಮಾರಿನ ಬಗ್ಗೆ ಮಾತಾಡುವಾಗ ನಮಗೆ ಹತ್ತಕ್ಕೆ ಒಂಬತ್ತು ಸಲ ಬೇಕಾಗೋದು ಎರಡನೆಯದೇ. ಬಾಯಲ್ಲಿ ಅದು ‘ಯೂಸ್ಟು’ ಅಂತಲೇ ಬರುತ್ತೆ, ಮಧ್ಯದ ‘ಡ’ ಕೇಳಿಸೋದೇ ಇಲ್ಲ. ಇದನ್ನ ಹಿಡಿಯೋಕೆ ನನಗೆ ಎರಡು ವಾರ ಬೇಕಾಯ್ತು.

ಪ್ರತಿ ವಾಕ್ಯಕ್ಕೂ ಯೂಸ್ಡ್ ಟು ಹಾಕಿದರೆ ಮಗ್ಗಿ ಒಪ್ಪಿಸಿದ ಹಾಗಾಗುತ್ತೆ. ಆಗ ‘ವುಡ್’ ಕೈಹಿಡಿಯಿತು. ಮೊದಲು ಯೂಸ್ಡ್ ಟು ಅಂತ ಶುರು ಮಾಡಿ, ಆಮೇಲಿನ ಕೆಲಸಗಳನ್ನೆಲ್ಲ ವುಡ್‌ನಲ್ಲಿ ಹೇಳಬಹುದು. ‘ಮೈ ಗ್ರ್ಯಾಂಡ್‌ಮದರ್ ಯೂಸ್ಡ್ ಟು ಗೆಟ್ ಅಪ್ ಅಟ್ ಫೋರ್. ಶಿ ವುಡ್ ಗ್ರೈಂಡ್ ರಾಗಿ, ಅಂಡ್ ಶಿ ವುಡ್ ಸಿಂಗ್ ವೈಲ್ ಶಿ ವರ್ಕ್ಡ್.’ ಆದರೆ ‘ಮನೆ ಹಿಂದೆ ಬಾವಿ ಇತ್ತು’ ಅನ್ನೋ ಥರದ ಇರುವಿಕೆಗೆ ವುಡ್ ಹೊಂದೋದಿಲ್ಲ. ಅಲ್ಲಿ ‘ದೇರ್ ಯೂಸ್ಡ್ ಟು ಬಿ ಎ ವೆಲ್’ ಅಂತಲೇ ಹೇಳಬೇಕು.

ನನ್ನ ಇನ್ನೊಂದು ರೋಗ ‘ನೌಅಡೇಸ್’. ಒಂದು ನಾಲ್ಕು ನಿಮಿಷದ ರೆಕಾರ್ಡಿಂಗ್‌ನಲ್ಲಿ ಎಣಿಸಿದೆ, ಹನ್ನೊಂದು ಸಲ. ಬೀದೀಲಿ ಹಪ್ಪಳ ಮಾರೋನೂ ಅಷ್ಟು ಸಲ ಕೂಗೋದಿಲ್ಲ. ‘ದೀಸ್ ಡೇಸ್’ ಅಂತ ಬದಲಾಯಿಸಿದರೆ ರೋಗ ಹೋಗೋದಿಲ್ಲ. ವಾಕ್ಯವನ್ನೇ ತಿರುಗಿಸಬೇಕು: ‘ಥಿಂಗ್ಸ್ ಹ್ಯಾವ್ ಚೇಂಜ್ಡ್’, ‘ಇಟ್ ಹ್ಯಾಸ್ ಬಿಕಮ್ ಕಾಮನ್’. ‘ಹ್ಯಾವ್’ ಬಂದ ಕೂಡಲೇ ಈಗಿನ ಕಾಲ ತಾನಾಗೇ ಒಳಗೆ ಬರುತ್ತೆ. ಅಂದಹಾಗೆ ‘ಕಾಲ ಕೆಟ್ಟೋಯ್ತು’ ಅನ್ನೋದಕ್ಕೂ ‘ಟೈಮ್ಸ್ ಹ್ಯಾವ್ ಚೇಂಜ್ಡ್’ಗಿಂತ ಹತ್ತಿರದ್ದು ನನಗೆ ಸಿಗಲಿಲ್ಲ. ಅಜ್ಜಿಯ ಗೊಣಗಾಟ ಅದರಲ್ಲಿ ಸೋರಿಹೋಗುತ್ತೆ, ಏನು ಮಾಡೋದು.

ಬದಲಾಗ್ತಿರೋ ಟ್ರೆಂಡ್‌ಗಳ ಮಾತಿಗೆ ನನ್ನ ಕೈಹಿಡಿದಿದ್ದು ರಾಗಿಮುದ್ದೆ. ನಾನು ಹಾಸ್ಟೆಲಿನಲ್ಲಿದ್ದಾಗ ಮುದ್ದೆ ಅಂದರೆ ಕೆಲವರು ಮೂಗು ಮುರೀತಿದ್ದರು. ‘ಪೀಪಲ್ ಯೂಸ್ಡ್ ಟು ಲುಕ್ ಡೌನ್ ಆನ್ ಇಟ್.’ ಆಮೇಲೆ ಶುಗರ್ ಇರೋರು ತಿನ್ನೋಕೆ ಶುರು ಮಾಡಿದರು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಆಚರಿಸಿತು. ಈಗ ದೊಡ್ಡ ಹೋಟೆಲಿನ ಮೆನುವಿನಲ್ಲೂ ರಾಗಿ ಇದೆ. ಅದಕ್ಕೆ ‘ಇಟ್ ಹ್ಯಾಸ್ ಮೇಡ್ ಎ ಕಮ್‌ಬ್ಯಾಕ್’. ಹೊಸದೊಂದು ಜನರಿಗೆ ಹಿಡಿಸಿ ಹರಡಿದರೆ ‘ಕ್ಯಾಚ್ ಆನ್’, ನಿಧಾನಕ್ಕೆ ಕಾಣೆಯಾದರೆ ‘ಡೈ ಔಟ್’. ಬೀಸುವಾಗ ಹಾಡೋ ಪದಗಳು ಆರ್ ಡೈಯಿಂಗ್ ಔಟ್. ನಮ್ಮ ದೇಶದಲ್ಲಿ 2013ರ ಜುಲೈನಲ್ಲಿ ನಿಂತುಹೋದ ಟೆಲಿಗ್ರಾಂ, ಅಂದರೆ ತಂತಿ ಸಂದೇಶ, ‘ಎ ಥಿಂಗ್ ಆಫ್ ದ ಪಾಸ್ಟ್’. ನಾಲ್ಕು ದಿನದ ಹುಚ್ಚಿಗೆ ‘ಫ್ಯಾಡ್’. ಚಿಕ್ಕಪ್ಪನ ಬೆಲ್‌ಬಾಟಮ್‌ನ್ನ ನಾವು ಫ್ಯಾಡ್ ಅಂತಿದ್ದೆವು, ಅದು ಅಣ್ಣನ ಮಗಳ ಕಾಲಿಗೆ ಮತ್ತೆ ಬಂದು ನಮ್ಮ ಬಾಯಿ ಮುಚ್ಚಿಸಿತು.

‘ಹ್ಯಾಂಡ್ ಡೌನ್’ ಕಲಿತಿದ್ದು ಅಪ್ಪನ ಎಚ್‌ಎಂಟಿ ವಾಚಿನಿಂದ. ತಾತನದು, ಕೀಲಿ ಕೊಡೋದು. ತಾತನಿಂದ ಅಪ್ಪನಿಗೆ, ಅಪ್ಪನಿಂದ ನನಗೆ. ‘ಇಟ್ ಹ್ಯಾಸ್ ಬೀನ್ ಹ್ಯಾಂಡೆಡ್ ಡೌನ್ ಟು ಮಿ.’ ಅಕ್ಕನ ಹಳೇ ಲಂಗ ತಂಗಿಗೆ ಬಂದರೆ ಅದು ‘ಹ್ಯಾಂಡ್-ಮಿ-ಡೌನ್’. ಅದೇ ಎರಡು ಪದ, ಆದರೆ ಒಂದರಲ್ಲಿ ಹೆಮ್ಮೆ, ಇನ್ನೊಂದರಲ್ಲಿ ಅಳು.

ನಮ್ಮಲ್ಲಿ ಚಲಾವಣೆಯಲ್ಲಿರೋ ಕೆಲವು ಇಂಗ್ಲಿಷ್ ಪದ ಹೊರಗೆ ಬೇರೆ ಥರ ಕೇಳಿಸುತ್ತೆ. ಮಡಿ ಮಾಡೋ ಅತ್ತೆಯನ್ನ ‘ಆರ್ಥೊಡಾಕ್ಸ್’ ಅಂದರೆ ಯಾವುದೋ ಚರ್ಚಿಗೆ ಸೇರಿದವರು ಅಂತ ಅಂದುಕೊಂಡಾರು. ‘ಟ್ರೆಡಿಷನಲ್’ ಸಾಕು. ಯಾರು ಏನೇ ಹೇಳಿದರೂ ತನ್ನ ಪದ್ಧತಿ ಬಿಡದವರಿಗೆ ‘ಸೆಟ್ ಇನ್ ಹರ್ ವೇಸ್’. ‘ಓಲ್ಡ್ ಪೀಪಲ್’ ಒರಟು, ‘ಓಲ್ಡರ್ ಪೀಪಲ್’ ಮರ್ಯಾದೆ. ‘ಜಾಯಿಂಟ್ ಫ್ಯಾಮಿಲಿ’ ನಮ್ಮ ನಾಡಿನ ಇಂಗ್ಲಿಷ್. ‘ತ್ರೀ ಜನರೇಷನ್ಸ್ ಅಂಡರ್ ಒನ್ ರೂಫ್’ ಅಂದರೆ ಎಲ್ಲರಿಗೂ ತಿಳಿಯುತ್ತೆ. ಮೂರು ತಲೆಮಾರು ಒಂದೇ ಸೂರಿನಡಿ ಅಂತ ನಾವು ಹೇಳೋದೂ ಹಾಗೇ ಅಲ್ವಾ?

ಹುಟ್ಟಿದ ವರ್ಷ ನೋಡಿ ತಲೆಮಾರುಗಳಿಗೆ ಅಂಟಿಸೋ ಬೂಮರ್, ಮಿಲೆನಿಯಲ್, ಜೆನ್ ಜೀ ಅನ್ನೋ ಹಣೆಪಟ್ಟಿಗಳನ್ನ ಮಾತ್ರ ನಾನು ಬಳಸಲಿಲ್ಲ. 1946ರಿಂದ 1964ರವರೆಗೆ ಹುಟ್ಟಿದವರು ಬೂಮರ್ ಅನ್ನೋದು ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಮಕ್ಕಳು ಜಾಸ್ತಿ ಹುಟ್ಟಿದ ಲೆಕ್ಕ. ನಮ್ಮಜ್ಜಿಗೆ ಹುಟ್ಟಿದ ವರ್ಷವೇ ಗೊತ್ತಿಲ್ಲ, ‘ಕೆರೆ ಕೋಡಿ ಬಿದ್ದ ವರ್ಷ’ ಅಂತಾರೆ. ‘ಪೀಪಲ್ ಆಫ್ ಮೈ ಗ್ರ್ಯಾಂಡ್‌ಮದರ್ಸ್ ಏಜ್’ ಅಂದರೆ ಯಾವ ತಕರಾರೂ ಇಲ್ಲ. ಹಾಗೇ ಅಣ್ಣನ ಮಗಳ ‘ರಿಜ್’ (ಎದುರಿನವರನ್ನ ಸೆಳೆಯೋ ಮೋಡಿ) ಥರದ ಪದಗಳನ್ನೂ ಮುಟ್ಟಲಿಲ್ಲ. ಆಕ್ಸ್‌ಫರ್ಡ್‌ನವರು ಅದನ್ನ 2023ರ ವರ್ಷದ ಪದ ಅಂತ ಆರಿಸಿದ್ದರು, ನಿಜ. ಆದರೆ ನನ್ನ ಬಾಯಲ್ಲಿ ಅದು ಸಾಲ ತಂದ ಒಡವೆ ಹಾಗೆ ಕಾಣುತ್ತೆ.

ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷೆಗೆ ಹೋದೆ. ಪ್ರಶ್ನೆ ಈ ಸಲ ಹಿರಿಯರು ಕಿರಿಯರಿಗೆ ಏನು ಕಲಿಸಬಹುದು ಅಂತ. ಅಜ್ಜಿ ತಾತನ ಹೆಸರನ್ನ ಒಗಟಿನಲ್ಲಿ ಹೇಳ್ತಿದ್ದದ್ದು ವಿವರಿಸಿದೆ. ‘ಶಿ ನೆವರ್ ಕಾಲ್ಡ್ ಹಿಮ್ ಬೈ ಹಿಸ್ ನೇಮ್’ ಅಂದಾಗ ಪರೀಕ್ಷಕಿ ಬರೆಯೋದು ನಿಲ್ಲಿಸಿ ತಲೆ ಎತ್ತಿದರು. ಯಾಕೆ ಅಂತ ಕೇಳಿದರು. ಮಾತು ಮುಗಿಸೋಕೆ ಅವರೇ ಕೈ ತೋರಿಸಬೇಕಾಯ್ತು. 7 ಬಂತು.

ಈಗ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿದ್ದೀನಿ. ವಯಸ್ಸಾದವರ ವಾರ್ಡು. ‘ಇನ್ ಮೈ ಡೇ’ ಅಂತ ಶುರುವಾಗುವ ಮಾತು ದಿನಕ್ಕೆ ಐದಾರು ಸಲ ಕಿವಿಗೆ ಬೀಳುತ್ತೆ. ಇಲ್ಲಿ ಹೊಸ ರೋಗಿ ಬಂದಾಗ, ನಿಮ್ಮನ್ನ ಏನಂತ ಕರೀಲಿ ಅಂತ ಕೇಳಬೇಕು. ಎಂಬತ್ತು ದಾಟಿದ ಒಬ್ಬರು ತಮ್ಮ ಹೆಸರು ಹೇಳಿ ಬರೀ ಅಷ್ಟೇ ಸಾಕು ಅಂದರು. ಎರಡು ದಿನ ನಾಲಿಗೆ ಏಳಲಿಲ್ಲ. ಮೂರನೇ ದಿನ ಕರೆದೆ. ರಾತ್ರಿ ಅಜ್ಜಿಗೆ ವಿಡಿಯೊ ಕಾಲ್ ಮಾಡಿ ಹೇಳಿದರೆ ಒಂದು ಗಳಿಗೆ ಸುಮ್ಮನಿದ್ದರು.

‘ಅಷ್ಟ್ ವಯಸ್ಸಾದೋರ್ನ ಹೆಸರಿಡಿದು ಕರೆದ್ಯೇನೇ?’